ಲೀಲಾಧರನ ಚಪ್ಪಟೆ ಮೂತಿಯ ಲಾರಿ

ತ್ರಾಸಿಯಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ ಓಣಿಯ ಕೊನೆಯ ಮನೆ ಲೀಲಾಧರನದು. ಅಂಗಳದಲ್ಲಿ ಒಂದು ಹಳೆಯ ಲಾರಿ ನಿಂತಿದೆ. ಅದರ ಎಂಜಿನ್ ಮುಂದಕ್ಕೆ ಚಾಚಿಕೊಂಡಿಲ್ಲ. ಚಾಲಕ ಕೂರುವ ಕ್ಯಾಬಿನ್ನಿನ ಅಡಿಯಲ್ಲೇ ಇದೆ. ಹಾಗಾಗಿ ಲಾರಿಯ ಮುಖ ಗೋಡೆಯಂತೆ ಚಪ್ಪಟೆ.

"ಕಾಣಿ ಮಾಷ್ಟ್ರೇ, ಈ ಲಾರಿಗೆ ಡ್ರೈವರ್‌ನ ಮೊಣಕಾಲೇ ಬಂಪರ್" ಎಂದು ಅವನು ನನಗೆ ಮೊದಲ ದಿನವೇ ವಿವರಿಸಿದ್ದ.

ಲೀಲಾಧರ ನನ್ನಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಲೆಕ್ಕದಲ್ಲಿ ಸಾಧಾರಣ, ಚಿತ್ರ ಬರೆಯುವುದರಲ್ಲಿ ಜಾಣ. ಅವನ ತಂದೆ ದೋಣಿಯಲ್ಲಿ ಹೋಗುತ್ತಿದ್ದರು, ತಾಯಿ ಮೀನು ಮಾರುತ್ತಿದ್ದರು. ಅವನಿಗೆ ಕಡಲಿಗಿಂತ ರಸ್ತೆ ಹಿಡಿಸಿತು. ಹನ್ನೊಂದು ವರ್ಷ ಇಂಥದೇ ಚಪ್ಪಟೆ ಮೂತಿಯ ಲಾರಿಯಲ್ಲಿ ಬಂಗುಡೆ, ಬೂತಾಯಿ ಮೀನುಗಳನ್ನು ಮಂಜುಗಡ್ಡೆಯೊಳಗಿಟ್ಟು ಮುಂಬಯಿಗೆ ಸಾಗಿಸಿದ. ಬೆನ್ನು ಸೋತ ಮೇಲೆ ಒಂದು ಸಣ್ಣ ಟೆಂಪೊ ತೆಗೆದುಕೊಂಡು ಗಂಗೊಳ್ಳಿ ಬಂದರಿಗೆ ಮಂಜುಗಡ್ಡೆ ಹಾಕತೊಡಗಿದ. ಟೆಂಪೊ ಹೊಟ್ಟೆಪಾಡು. ಮನಸ್ಸೆಲ್ಲ ಹಳೆಯ ಲಾರಿಗಳ ಮೇಲೆ. ಹೆದ್ದಾರಿಯಲ್ಲಿ ಅಂಥದೊಂದು ಹೋದರೆ, ಉಣ್ಣುವುದನ್ನು ಬಿಟ್ಟು ಎದ್ದು ಬಂದು ನೋಡುವನು. ದೂರದಿಂದ ಸದ್ದು ಕೇಳಿಯೇ ಯಾವ ಕಾಲದ ಎಂಜಿನ್ ಎಂದು ಹೇಳಬಲ್ಲ.

ನಾಲ್ಕು ವರ್ಷದ ಹಿಂದೆ ಕುಂದಾಪುರದ ಆಚೆಯ ಗುಜರಿಯಲ್ಲಿ ಈ ಲಾರಿ ಸಿಕ್ಕಿತು. ಅದೂ ಮೀನು ಹೊತ್ತ ಲಾರಿಯೇ. ಸೋರಿದ ಉಪ್ಪುನೀರು ತಗಡನ್ನು ತಿಂದುಹಾಕಿತ್ತು. ಲೀಲಾಧರ ಒಂದೊಂದೇ ತೂತಿಗೆ ತೇಪೆ ಹಾಕಿದ. ಒಳಗೆ ಮರದ ಹಲಗೆ ಕೂರಿಸಿದ. ಎರಡು ತುಂಡಿನ ಹಳೆಯ ಮಾದರಿಯ ಮುಂಗಾಜಿಗಾಗಿ ಎಂಟು ತಿಂಗಳು ಅಲೆದ. ಕೊನೆಗೆ ತನ್ನದೇ ಒಂದು ಬದಲಾವಣೆಯನ್ನೂ ಮಾಡಿದ. ಮೊದಲು ಕದಲದೆ ಕೂತಿದ್ದ ಕ್ಯಾಬಿನ್ನಿಗೆ ಮುಂದಿನ ತುದಿಯಲ್ಲಿ ತಿರುಗಣಿ ಹಾಕಿದ. ಹಿಂಬದಿಯನ್ನು ಮೇಲಕ್ಕೆತ್ತಿದರೆ ಇಡೀ ಕ್ಯಾಬಿನ್ ಪೆಟ್ಟಿಗೆಯ ಮುಚ್ಚಳದಂತೆ ಮುಂದಕ್ಕೆ ವಾಲಿ ಎಂಜಿನ್ ಪೂರ್ತಿ ಕಾಣಬೇಕು.

ಎತ್ತುವುದಕ್ಕೆ ದೋಣಿಯವರ ಉಪಾಯವೇ. ಎರಡು ತೆಂಗಿನ ಕಂಬ, ಮೇಲೊಂದು ಅಡ್ಡಮರ, ಅದಕ್ಕೊಂದು ಬಾವಿಯ ರಾಟೆಯಂಥ ಕಪ್ಪಿ, ಕಪ್ಪಿಯ ಮೇಲೆ ಬಲೆಯ ಹಗ್ಗ. ಹಗ್ಗದ ಒಂದು ತುದಿ ಕ್ಯಾಬಿನ್ನಿಗೆ, ಇನ್ನೊಂದು ತೆಂಗಿನ ಬುಡಕ್ಕೆ.

ಬ್ರಹ್ಮಾವರದಲ್ಲಿ ಗ್ಯಾರೇಜು ಇಟ್ಟಿರುವ ಯತೀಶ್ ಬೆಸುಗೆಯ ಕೆಲಸಕ್ಕೆ ಬರುತ್ತಿದ್ದ. ಅವನಿಗೆ ಇದು ಸರಿಬರಲಿಲ್ಲ.

"ಲೀಲಣ್ಣ, ಎತ್ತುಕೆ ಹಗ್ಗ ಅಡ್ಡಿಲ್ಲ. ಎತ್ತಿದ್ ಮೇಲೆ ಅಡಿಗೊಂದು ಕಬ್ಬಿಣದ ಊರುಗೋಲು ಕೊಡ್ಕ್."

"ಕಬ್ಬಿಣ ಹೇಳ್ದೇ ಮುರಿತ್ತ್ ಮಾರಾಯ. ಹಗ್ಗ ಹೇಳಿಯೇ ಹರಿತ್ತ್."

ಕಡಲಿನವರ ಮಾತು ಅದು. ಉಪ್ಪು ಗಾಳಿಯಲ್ಲಿ ಕಬ್ಬಿಣ ಒಳಗಿಂದೊಳಗೆ ಪುಡಿಯಾಗುವುದನ್ನು ನೋಡುತ್ತಲೇ ಬೆಳೆದವರು ಅವರು. ಆದರೆ ದೋಣಿಯ ಹಗ್ಗ ಎಳೆದು ಬಿಡುವ ಹಗ್ಗ. ಗಂಟೆಗಟ್ಟಲೆ ಬಿಸಿಲಿನಲ್ಲಿ ಒಂದೇ ಭಾರ ಹೊತ್ತು ನಿಲ್ಲುವುದು ಅದರ ಅಭ್ಯಾಸವಲ್ಲ. ಇದು ಲೀಲಾಧರನಿಗೆ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯ ಶುಕ್ರವಾರ. ಭಾನುವಾರ ಬ್ರಹ್ಮಾವರದಲ್ಲಿ ಹಳೆಯ ವಾಹನಗಳ ಕೂಟವಿತ್ತು. ಲಾರಿ ಮೊದಲ ಸಲ ನಾಲ್ಕು ಜನರ ಕಣ್ಣಿಗೆ ಬೀಳುವುದಿತ್ತು. ಬೆಳಿಗ್ಗೆ ನೋಡಿದರೆ ಡೀಸೆಲ್ ತೊಟ್ಟಿಕ್ಕುತ್ತಿದೆ. ಲೀಲಾಧರ ಕ್ಯಾಬಿನ್ ಎತ್ತಿ ಕಟ್ಟಿ, ಸೋರುವ ಕೊಳವೆಯನ್ನು ಹುಡುಕುತ್ತಾ ಹನ್ನೆರಡು ಗಂಟೆಯವರೆಗೂ ಎಂಜಿನ್ನಿನ ಮೇಲೆ ಬಾಗಿಕೊಂಡೇ ಇದ್ದ. ಮುಂದೆ ನಡೆದದ್ದನ್ನು ಅವನ ಹೆಂಡತಿ ಕುಸುಮಾವತಿಯಿಂದಲೂ ನೆರೆಮನೆಯ ಜಲಜಳಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ.

ಕುಸುಮಾವತಿ ಊಟಕ್ಕೆ ಕರೆಯಲು ಹೊರಗೆ ಬಂದಳು.

"ಹ್ವಾಯ್, ಗಂಜಿ ತಣ್ದ್ ಹೋಯ್ತ್. ಆ ಲಾರಿ ಉಣ್ಸತ್ತಾ ನಿಮ್ಗೆ?"

"ಒಂದ್ ನಟ್ಟು ಮಾರಾಯ್ತಿ, ಬಂದೆ" ಎಂದ ಅವನು. ಬಲಗೈ ಮೊಣಕೈ ದಾಟಿ ಎಂಜಿನ್ನಿಗೂ ಲಾರಿಯ ಚೌಕಟ್ಟಿಗೂ ನಡುವಿನ ಸಂದಿಯೊಳಗಿತ್ತು.

ಆಗಲೇ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಮೂರು ಎಳೆಯ ಹಗ್ಗದಲ್ಲಿ ಒಂದೆಳೆ ಹೋಯಿತು. ಹಗ್ಗ ಜಗ್ಗಿ, ಕ್ಯಾಬಿನ್ ಒಂದು ಗೇಣು ಕೆಳಗಿಳಿದು ಲೀಲಾಧರನ ಭುಜದ ಮೇಲೆ ಕೂತು ನಿಂತಿತು. ಭುಜ ಅಲುಗದೆ ಕೈ ಹೊರಗೆ ಬಾರದು. ಭುಜದ ಮೇಲೆ ಇಡೀ ಕ್ಯಾಬಿನ್. ಅದನ್ನು ಹಿಡಿದಿರುವುದು ಉಳಿದೆರಡು ಎಳೆ.

ಕುಸುಮಾವತಿ ಹಗ್ಗದ ಕಡೆಗೆ ಓಡಿದಳು.

"ಹಗ್ಗ ಮುಟ್ಬೇಡ!" ಅವನ ದನಿ ಅಡಿಯಿಂದ ಬಂತು. "ಎಳದ್ರೆ ಅದೂ ಹೋತ್ತ್."

"ಜಾಕು ಎಲ್ಲಿತ್ತ್?"

"ಟೆಂಪೊದಗೆ."

ಆ ದಿನ ಬೇರೊಬ್ಬ ಹುಡುಗ ಟೆಂಪೊವನ್ನು ಬಂದರಿಗೆ ಒಯ್ದಿದ್ದ. ಓಣಿಯ ಗಂಡಸರೂ ಬಂದರಿನಲ್ಲಿದ್ದರು. ಕುಸುಮಾವತಿ ಕೂಗಿದ ಕೂಗಿಗೆ ಬಂದವಳು ಜಲಜ ಒಬ್ಬಳೇ. ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಬುಟ್ಟಿ ಇಳಿಸಿದ್ದಳು. ಅಂಗಳಕ್ಕೆ ಕಾಲಿಟ್ಟವಳೇ ಯತೀಶನಿಗೆ ಫೋನು ಮಾಡಿದಳು. ಅವನು ಬ್ರಹ್ಮಾವರದಿಂದ ಹೊರಟು ಬರಲು ಮುಕ್ಕಾಲು ಗಂಟೆಯಾದರೂ ಬೇಕು.

ಹಗ್ಗದಿಂದ ಒಂದು ನೂಲು ಬಿಚ್ಚಿ ಸುರುಳಿಯಾಗಿ ಕೆಳಗಿಳಿಯಿತು. ಆಮೇಲೆ ಇನ್ನೊಂದು.

"ಮುಕ್ಕಾಲ್ ಗಂಟಿ ಇದ್ ನಿಲ್ಲೂದಿಲ್ಲ ಅಕ್ಕ" ಎಂದಳು ಜಲಜ. "ಅಡಿಗೆ ಎಂತಾರೂ ಕೊಡ್ಕ್."

ಅಂಗಳದ ಪಾಗಾರದ ಗೋಡೆಯ ಬದಿಯಲ್ಲಿ, ದೋಣಿ ಎಳೆಯುವಾಗ ಅಡಿಗೆ ಹಾಕುವ ಮರದ ದಿಮ್ಮಿಗಳು ಬಿದ್ದಿದ್ದವು. ಅವುಗಳಲ್ಲಿ ಗಿಡ್ಡದ್ದನ್ನು ಇಬ್ಬರೂ ಎತ್ತಿ ತಂದರು. ಕುಸುಮಾವತಿ ಅದನ್ನು ತಗಡಿನ ಅಡಿಗೆ ನಿಲ್ಲಿಸಲು ಹೊರಟಾಗ ಲೀಲಾಧರ ಮತ್ತೆ ತಡೆದ.

"ತಗಡಿಗೆ ಕೊಡ್ಬೇಡ, ತೂತ್ ಮಾಡ್ಕಂಡ್ ಮೇಲೆ ಹೋತ್ತ್. ಒಳಗೆ ಒಂದ್ ಅಡ್ಡಪಟ್ಟಿ ಇತ್ತ್, ಬಲದ್ ಬದಿಗೆ. ಅದ್ರ ಅಡಿಗೆ." ಆಮೇಲೆ ಹೇಳಿದ, "ಅಲ್ಲಿಗೆ ಒಳಗ್ ಬರ್ಕಾತ್ತ್. ನೀನ್ ಬರ್ಬೇಡ, ಕುಸುಮ. ಯತೀಶ ಬರ್ಲಿ."

"ನೀವ್ ಬಾಯ್ ಮುಚ್ಚಿ ಸುಮ್ನೆ ಇರಿ."

ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಕ್ರದ ಮೇಲೆ ಕಾಲಿಟ್ಟು, ಅರ್ಧ ಮೈಯನ್ನು ಕ್ಯಾಬಿನ್ನಿನ ಅಡಿಗೆ ತೂರಿಸಿದಳು. ಹಗ್ಗ ಹರಿದರೆ ಈಗ ಇಬ್ಬರು. ಜಲಜ ಕೆಳಗಿನಿಂದ ದಿಮ್ಮಿಯನ್ನು ಎತ್ತಿ ಕೊಟ್ಟಳು. ಬುಡ ಚೌಕಟ್ಟಿನ ಮೇಲೆ ಕೂತಿತು. ತಲೆ ಅಡ್ಡಪಟ್ಟಿಗೆ ತಾಗಲಿಲ್ಲ. ನಾಲ್ಕು ಬೆರಳು ಕಡಿಮೆ.

"ಕಲ್ಲ್ ತರ್ಲಾ?"

"ಕೆಂಪುಕಲ್ಲ್ ಪುಡಿ ಆತ್ತ್. ಮರ ಬೇಕ್, ಮರ!" ಎಂದ ಲೀಲಾಧರ. ದನಿ ಸಣ್ಣದಾಗಿತ್ತು.

ಜಲಜ ಓಡಿದಳು. ಆಕೆ ಹೋಗಿ ಬರುವವರೆಗೆ ಕುಸುಮಾವತಿ ದಿಮ್ಮಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲೇ ಇದ್ದಳು. ತಲೆಯ ಮೇಲೆ ಹಗ್ಗ ಕಿರುಗುಡುತ್ತಿತ್ತು. ಗಂಡನ ಮುಖ ಒಂದು ಮೊಳ ದೂರದಲ್ಲಿ, ಬೆವರಿನಿಂದ ತೊಯ್ದಿತ್ತು. ಮೇಲೆ ನೋಡಿದಳು. ಕ್ಯಾಬಿನ್ನಿನ ಅಡಿಭಾಗಕ್ಕೂ ಬಣ್ಣ ಹಚ್ಚಿತ್ತು, ಹೊರಗಿನದೇ ನೀಲಿ. ಒಂದೊಂದು ತೇಪೆಯ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ತಾರೀಕು. ಯಾರೂ ನೋಡದ ಜಾಗ ಅದು.

"ಇಲ್ಲಿಗೂ ಬಣ್ಣ ಹಚ್ಚಿದ್ರ್ಯಾ?"

"ಉಪ್ಪು ಹಿಡಿತ್ತಲ್ದಾ" ಎಂದ ಅವನು, ತಪ್ಪು ಮಾಡಿದವನಂತೆ.

ಜಲಜ ತಂದದ್ದು ಮೀನು ಕೊಯ್ಯುವ ಮಣೆ, ಕತ್ತಿಯಿಲ್ಲದ ದಪ್ಪ ಹಲಗೆ. ಎರಡು ತಲೆಮಾರಿನ ಗಟ್ಟಿ ಹಲಸು. ಕುಸುಮಾವತಿ ದಿಮ್ಮಿಯನ್ನು ತುಸು ಎತ್ತಿದಳು, ಜಲಜ ಮಣೆಯನ್ನು ಅಡಿಗೆ ತಳ್ಳಿದಳು. ಇನ್ನೂ ಒಂದು ಬೆರಳಿನ ಸಂದಿ ಉಳಿಯಿತು. ಅಷ್ಟರಲ್ಲಿ ಎರಡನೆಯ ಎಳೆ ಹರಿಯಿತು.

"ಅಕ್ಕಾ, ಹೊರಗ್ ಬಾ!"

ಕುಸುಮಾವತಿ ದಿಮ್ಮಿಯನ್ನು ಬಿಡಲಿಲ್ಲ. ನೆಟ್ಟಗೆ ನಿಲ್ಲಿಸಿ, ಅಡ್ಡಪಟ್ಟಿಯ ನೇರಕ್ಕೆ ಸರಿಸಿ, ಆಮೇಲೆಯೇ ಹಿಂದಕ್ಕೆ ಜಾರಿದಳು. ಆಕೆಯ ಕಾಲು ನೆಲಕ್ಕೆ ತಾಗುವಾಗ ಹಗ್ಗ ಪೂರ್ತಿ ಹೋಯಿತು. ಕಪ್ಪಿ ಗಿರ್ರೆಂದು ತಿರುಗಿತು. ಕ್ಯಾಬಿನ್ ಕೆಳಗೆ ಬಿತ್ತು, ಒಂದು ಬೆರಳಿನಷ್ಟು. ಮಣೆ ಸದ್ದು ಮಾಡಿತು, ದಿಮ್ಮಿ ನಿಂತಿತು. ಮುಂಗಾಜಿನ ಒಂದು ತುಂಡು ಒಡೆದು ಅಂಗಳದ ತುಂಬ ಚೆಲ್ಲಿತು.

ಆಮೇಲೆ ಅಡಿಯಿಂದ ಲೀಲಾಧರನ ದನಿ: "ಕುಸುಮ, ಹೊರಗ್ ಇದ್ಯಾ?"

"ಇದ್ದೆ."

ಯತೀಶ್ ಜಾಕು ತಂದು ಕೈ ಬಿಡಿಸಿದಾಗ ಒಂದು ಗಂಟೆ ದಾಟಿತ್ತು. ಭುಜದ ಎಲುಬು ಬಿರುಕು ಬಿಟ್ಟಿತ್ತು, ಸಂದಿಯಲ್ಲಿ ಜಜ್ಜಿದ ಎರಡು ಬೆರಳಿನ ತುದಿ ಸತ್ತಿತ್ತು. ಕುಂದಾಪುರದ ಆಸ್ಪತ್ರೆಯಲ್ಲಿ ಆ ತುದಿಗಳನ್ನು ತೆಗೆದರು. ಭಾನುವಾರದ ಕೂಟ ಲೀಲಾಧರನಿಲ್ಲದೆ ಮುಗಿಯಿತು.

ನಾನು ನೋಡಲು ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಹೇಳಿದ. "ಲಾರಿ ಕೊಡುದೇ ಸೈ ಮಾಷ್ಟ್ರೇ. ನನ್ ಹುಚ್ಚಿಗೆ ಅವಳ್ ಸಾಯ್ತಿದ್ಲ್." ಯತೀಶನಿಗೂ ಗಿರಾಕಿ ನೋಡಲು ಹೇಳಿದ್ದನಂತೆ.

ಐದನೆಯ ದಿನ ಯತೀಶ್ ಲಾರಿಯನ್ನು ಅಳೆದು ನೋಡಲು ತ್ರಾಸಿಗೆ ಬಂದ. ಕುಸುಮಾವತಿ ಅಂಗಳಕ್ಕೆ ಇಳಿದು ಬಂದಳು. ದಿಮ್ಮಿ, ಮಣೆ ಇನ್ನೂ ಹಾಗೆಯೇ ನಿಂತಿದ್ದವು.

"ಗಿರಾಕಿ ಎಲ್ಲ ಬೇಡ ಯತೀಶ. ಇಲ್ ಕಾಣ್, ಈ ಅಡ್ಡಪಟ್ಟಿಗೆ ಒಂದು, ಎಡದ್ ಬದಿಗೆ ಒಂದು, ಎರಡ್ ಊರುಗೋಲು ಬೆಸುಗೆ ಹಾಕ್. ತಗಡಿಗೆ ತಾಗ್ಸ್‌ಬೇಡ, ಅದ್ ಬರೀ ತೇಪೆ."

"ಲೀಲಣ್ಣ ಒಪ್ಕಲ್ದಾ?"

"ಅವ್ರನ್ ಕೇಂಡದ್ ಯಾರ್?" ಎಂದಳು ಆಕೆ. "ಜಲಜನ ಮಣೆ ಇವತ್ತೇ ಬಿಡ್ಸಿ ಕೊಡ್. ಅವ್ಳ್ ಐದ್ ದಿನದಿಂದ ಮೀನ್ ಕೊಯ್ಲಿಲ್ಲ."

ಯತೀಶ್ ಅಳತೆಯ ಪಟ್ಟಿ ತೆಗೆದು ಅವಳ ಕೈಗೆ ಒಂದು ತುದಿ ಕೊಟ್ಟ.