ತಂಪಿನಲ್ಲಿಟ್ಟ ಕೂಸು

ಮೊಮ್ಮಗಳು ಹುಟ್ಟಿದಾಗ ಅಳಲಿಲ್ಲ.

ಹೆರಿಗೆ ಕೋಣೆಯ ಹೊರಗೆ ನಿಂತಿದ್ದ ನನಗೆ ಮೊದಲು ಕೇಳಿಸಿದ್ದು ಓಡುವ ಚಪ್ಪಲಿಗಳ ಸದ್ದು. ಆಮೇಲೆ ಮಗಳು ಸುಧಾಳ ದನಿ: "ಅವ್ವಾ, ಕೂಸ್ಯಾಕ ಅಳವಲ್ದು?"

ಹೊಕ್ಕುಳಬಳ್ಳಿ ಒತ್ತಿಕೊಂಡು ಮೆದುಳಿಗೆ ಆಕ್ಸಿಜನ್ ಕಡಿಮೆಯಾಗಿತ್ತು. ಎನ್‌ಐಸಿಯುಗೆ ಒಯ್ದರು. ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿ ಮೈ ತಂಪು ಮಾಡಿದರು. ಮೂರು ದಿನ ಹೀಗೇ ಎಂದರು.

ನಮ್ಮ ವಿಜಯಪುರದ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುತ್ತೇವೆ. ಕೂಸಿಗೆ ತಲೆಯಿಂದ ಬೆನ್ನವರೆಗೂ ಮುಚ್ಚುವ ಕುಂಚಿಗೆ ಕಟ್ಟುತ್ತೇವೆ. ಈಗ ನಾವಿರುವ ಮರಾಠಿ ಸೀಮೆಯ ಕೊಂಢವಾದಲ್ಲಿ, ನನ್ನ ಸೀರೆ ಅಂಗಡಿಯ ಖಣದ ಬಟ್ಟೆಯಲ್ಲಿ ನಾನೇ ಒಂದನ್ನು ಹೊಲಿದಿಟ್ಟಿದ್ದೆ. ಒಳಗೆ ಬಿಟ್ಟಾಗ ಕೂಸಿನ ಪಾದ ಮುಟ್ಟಿದೆ. ಕಲ್ಲಿನಷ್ಟು ತಣ್ಣಗಿತ್ತು. ಸೆರಗಿನ ಮರೆಯಿಂದ ಕುಂಚಿಗೆ ತೆಗೆದೆ.

"ಆಜಿ! ಟೋಪಿ ನಕೋ!" ಟೋಪಿ ಬೇಡವೆಂದು ಸಿಸ್ಟರ್ ಕೈ ಹಿಡಿದರು.

ಡಾಕ್ಟರ್ ಬಂದರು. ಮೈಸೂರು ಕಡೆಯ ಹುಡುಗಿ. ನಾನು ಚೌಕಾಸಿಗಿಳಿದೆ.

"ಮೂರು ದಿನ ಭಾಳ ಆತ್ರಿ. ಒಂದ ದಿನಕ್ಕ ಮುಗಸ್ರಿ. ಇಲ್ಲಾಂದ್ರ ತಲಿಯಷ್ಟರ ಮುಚ್ಚತೀನಿ."

"ಅಮ್ಮಾ, ಕಾಪಾಡ್ಬೇಕಾಗಿರೋದೇ ತಲೇನ. ಬೆಳೀತಿರೋ ನರಕೋಶಗಳಿಗೆ ಸ್ಟ್ರೆಸ್ ಆಗಿದೆ. ಒಳಗೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ತಿಲ್ಲ. ಆಗ ಸೆಲ್ ಹೊಸ ಕೆಲಸ ನಿಲ್ಸಿ ಮೊದ್ಲು ರಿಪೇರಿಗೆ ಕೂರತ್ತೆ. ಆಗ್ಲಿಲ್ಲ ಅಂದ್ರೆ ತಾನೇ ಸಾಯತ್ತೆ. ತಂಪು ಅದಕ್ಕೆ ಟೈಮ್ ಕೊಡತ್ತೆ."

"ಎಲ್ಲಾ ಉಳೀತಾವೇನ್ರಿ?"

"ಹೇಳಕ್ಕಾಗಲ್ಲ."

ಕುಂಚಿಗೆಯನ್ನು ಮತ್ತೆ ಸೆರಗಿನ ಮರೆಗಿಟ್ಟೆ.

ದೀಪಾವಳಿಯ ಗದ್ದಲದಲ್ಲಿ ಬಿಚ್ಚಿದ ಸೀರೆಗಳು ಗುಡ್ಡೆಯಾದಾಗ ಅಂಗಡಿಯಲ್ಲಿ ನಾನೂ ಆ ಕೋಶದಂತೆಯೇ ಮಾಡುತ್ತೇನೆ: ಹೊಸ ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ಬಿಚ್ಚಿದ್ದನ್ನೆಲ್ಲ ಮಡಚುತ್ತೇನೆ. ಈ ಬುದ್ಧಿ ಬರಲು ನನಗೆ ಅರ್ಧ ಆಯುಷ್ಯ ಬೇಕಾಯಿತು; ಕಣ್ಣಿಗೂ ಕಾಣದ ಕೋಶಕ್ಕೆ ಹುಟ್ಟುವ ಮೊದಲೇ ಗೊತ್ತು. ಆ ತಣ್ಣನೆಯ ಪಾದವನ್ನು ಮತ್ತೆ ನೋಡಿದೆ. ಇಷ್ಟು ಸಣ್ಣ ತಲೆಯಲ್ಲಿ ಎಷ್ಟು ಕೈಗಳು ಸದ್ದಿಲ್ಲದೆ ಮಡಚುತ್ತಿವೆಯೋ!

ನಾಲ್ಕನೆಯ ದಿನ ಮೆಲ್ಲಮೆಲ್ಲಗೆ ಮೈ ಬೆಚ್ಚಗೆ ಮಾಡಿದರು. ಕೂಸು ಮುಖ ಕಿವುಚಿತು. ಅತ್ತಿತು. ವಾರ್ಡಿನಿಂದ ನಡೆದು ಬಂದಿದ್ದ ಸುಧಾ ಗೋಡೆಗೆ ಒರಗಿ ತಾನೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅವ್ವಾ, ಈಗರೆ ಕಟ್ಟು ನಿನ್ನ ಕುಂಚಿಗಿ," ಎಂದಳು.

ಹೆರಿಗೆಗೆ ಹೋಗುವ ಮೊದಲೇ ಆಸ್ಪತ್ರೆಯಲ್ಲಿ ಕೇಳಿಡಿ: ಕೂಸು ಅಳದಿದ್ದರೆ ಕೂಲಿಂಗ್ ಸೌಲಭ್ಯ ಇಲ್ಲೇ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಹುಟ್ಟಿದ ಕೆಲವೇ ತಾಸುಗಳಲ್ಲಿ ಶುರುವಾಗಬೇಕು. ಮನೆಯಲ್ಲಿ ಮಾಡುವ ಕೆಲಸ ಇದಲ್ಲವೇ ಅಲ್ಲ.

ಮೊಮ್ಮಗಳ ಮೆದುಳಿನ ಎಂಆರ್‌ಐನಲ್ಲಿ ಒಂದು ಸಣ್ಣ ಕಲೆ ಇದೆ. ಅದು ಏನು ಮಾಡುತ್ತದೋ ಅವಳು ಬೆಳೆದಂತೆ ನೋಡಬೇಕು. ಈಗ ಹಾಲು ಕುಡಿಯುತ್ತಾಳೆ. ನನ್ನ ಬೆರಳು ಹಿಡಿದರೆ ಬಿಡುವುದಿಲ್ಲ.

"ಎರಡು ವರ್ಷ ಚೆಕಪ್‌ಗೆ ಬರ್ತಾ ಇರ್ಬೇಕು, ಅಮ್ಮಾ," ಎಂದರು ಡಾಕ್ಟರ್. ಸ್ವಲ್ಪ ಕಡಿಮೆ ಮಾಡಿ ಎಂದು ನಾನು ಕೇಳಲಿಲ್ಲ.

"ಬರ್ತೀವ್ರಿ," ಎಂದೆ.