ಚುಕ್ಕಿಯ ಲೋಟ

ಟರ್‌ರ್‌ರ್... ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಯುವ ಮೆಷಿನ್ನಿನ ಸದ್ದು. ಮೊನ್ನೆ ಗಾಂಧಿ ಬಜಾರಿನಲ್ಲಿ ಮೊಮ್ಮಗಳ ಮದುವೆಗೆ ಪಾತ್ರೆ ಕೊಳ್ಳುವಾಗ ಕಿವಿಗೆ ಬಿತ್ತು, ಹಲ್ಲು ಜುಮ್ಮೆಂದಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದೇ ಸದ್ದಿನ ಮುಂದೆ ನಿಂತು, ಒಂದು ಲೋಟದ ತಳಕ್ಕೆ ಬರೀ ಒಂದು ಚುಕ್ಕಿ ಹಾಕಿಸಿದ್ದೆ.

"ಹೆಸರು ಬೇಡ್ವಾ ಅಮ್ಮಾ?" ಎಂದಿದ್ದ ಅಂಗಡಿಯವನು.

"ಬೇಡಪ್ಪ, ಅಷ್ಟೇ ಸಾಕು. ಗುರ್ತಿಗೆ."

ಆ ಲೋಟ ನನ್ನ ಒಬ್ಬಳು ಸ್ಟೂಡೆಂಟಿಗೆ. ಸವಳಂಗ ರಸ್ತೆಯ ನಮ್ಮ ಮನೆಗೆ ಪ್ರತಿ ಶನಿವಾರ ಭದ್ರಾವತಿಯಿಂದ ಬಸ್ಸು ಹಿಡಿದು ಇಂಗ್ಲಿಷ್ ಟ್ಯೂಷನ್ನಿಗೆ ಬರುತ್ತಿದ್ದಳು. ಡಿಗ್ರಿ ಓದುವ ಹುಡುಗಿ. ತಂದೆ ಲಾರಿ ಓಡಿಸುತ್ತಿದ್ದವರು, ಏನೋ ಜ್ವರ ಬಂದು ತೀರಿಕೊಂಡಿದ್ದರು. ಏನೋ ಜ್ವರ... ಆ ಮಾತು ಕೇಳಿದರೆ ಆಗೆಲ್ಲ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಸಾಲದ್ದಕ್ಕೆ ಇವಳು ಗೆಳೆಯರ ಗುಂಪು ಕಟ್ಟಿಕೊಂಡು ರಾಗಿಗುಡ್ಡದಲ್ಲಿ, ಆಯನೂರಿನ ಸಂತೆಯಲ್ಲಿ ಎಚ್‌ಐವಿ ಬಗ್ಗೆ ಬೀದಿನಾಟಕ ಆಡುತ್ತಿದ್ದಳು. ತನಗೆ ಏನೂ ಇಲ್ಲದವಳಿಗೆ ಇಷ್ಟು ಇಂಟರೆಸ್ಟ್ ಯಾಕೆ? ಅವಳು ಕೆಮ್ಮಿದರೆ ಕಿವಿ ನಿಮಿರುತ್ತಿತ್ತು. ತೆಳ್ಳಗಾದಳೇ ಎಂದು ಮಣಿಕಟ್ಟು ನೋಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು "ಬಿ ಕೈಂಡ್" ಎಂದು ನೂರು ಸಲ ಬರೆಸಿದ್ದ ಕೈಯಿಂದಲೇ ಅವಳ ಲೋಟ ಬೇರೆಯಾಗಿ ತೊಳೆದು ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದೆ.

ಒಂದು ಶನಿವಾರ ನೋಟ್ಸ್ ತೆರೆಯದೆ ಕೂತಳು. ಭದ್ರಾವತಿಯ ಒಂದು ಶಾಲೆಯಲ್ಲಿ ಏಳು ವರ್ಷದ ಮಗುವನ್ನು, ಎಚ್‌ಐವಿ ಇದೆಯೆಂದು ಹೊರಗೆ ಕಳಿಸಿದ್ದರು.

"ಅಲ್ಲಿನ ಹೆಡ್‌ಮಿಸ್ ನಿಮ್ ಜೊತೆ ಓದಿದವ್ರಂತೆ. ನೀವೊಂದು ಲೆಟರ್ ಬರೆದ್ರೆ ಕೇಳ್ತಾರೆ ಮಿಸ್."

"ಆ ಮಗು ನಿಂಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಏನೂ ಆಗದೋರಿಗೆ ಯಾರು ಇಷ್ಟು ಓಡಾಡ್ತಾರೆ ಮಾರಾಯ್ತಿ?" ಒಳಗಿದ್ದದ್ದು ಬಾಯಿಗೆ ಬಂದೇಬಿಟ್ಟಿತು. "ಮೊದ್ಲು ನಿನ್ ಟೆಸ್ಟ್ ರಿಪೋರ್ಟ್ ತಗೊಂಬಾ. ಆಮೇಲೆ ಲೆಟರ್."

ಅವಳು ಕಾಫಿ ಮುಗಿಸಿದಳು. ಖಾಲಿ ಲೋಟ ತಿರುಗಿಸಿ, ಚುಕ್ಕಿಯ ಮೇಲೆ ಬೆರಳಾಡಿಸಿ ನಕ್ಕಳು.

"ಇದು ನಂಗೇ ಅಂತ ಮೊದಲ್ನೇ ವಾರಾನೇ ಗೊತ್ತಾಯ್ತು. ಪಾಠ ಚೆನ್ನಾಗ್ ಮಾಡ್ತೀರಲ್ಲ, ಅದಕ್ಕೇ ಸುಮ್ನಿದ್ದೆ. ರಿಪೋರ್ಟ್ ಮಾತ್ರ ತರಲ್ಲ ಮಿಸ್. ನಂಗಿಲ್ಲ ಅಂತ ತೋರ್ಸಿ ನಾನು ಲೆಟರ್ ತಗೊಂಡ್ರೆ, ಇರೋ ಆ ಮಗು ಏನ್ ತೋರ್ಸಿ ಕ್ಲಾಸಲ್ಲಿ ಕೂರ್ಬೇಕು?"

ನಾನು ಪೆನ್ನು ಎತ್ತಲಿಲ್ಲ.

ನನ್ನ ಪತ್ರವಿಲ್ಲದೆಯೇ ಮಗು ಶಾಲೆಗೆ ಮರಳಿತು. ಇವಳೂ ಗೆಳೆಯರೂ ದಿನಾ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ, ಉಳಿದ ತಾಯಂದಿರ ಕಣ್ಣೆದುರೇ, ಆ ಮಗುವಿನ ವಾಟರ್ ಬಾಟಲಿಯಿಂದ ನೀರು ಕುಡಿದರಂತೆ. ಎತ್ತಿ ಅಲ್ಲ, ಕಚ್ಚಿ. ವರ್ಷಗಳ ಮೇಲೆ ಹೆಡ್‌ಮಿಸ್ಸೇ ಹೇಳಿದಳು.

ಈಗ ಆ ಲೋಟದಲ್ಲಿ ನಾನೇ ಕಾಫಿ ಕುಡಿಯುತ್ತೇನೆ. ಅದರಿಂದ ಏನೂ ಸರಿಹೋಗುವುದಿಲ್ಲ, ಗೊತ್ತು. ನಿಜ ಹೇಳಬೇಕೆಂದರೆ, ಅವಳ ನೆನಪಾದಾಗ ಎಲ್ಲಿದ್ದಾಳೋ, ಹೇಗಿದ್ದಾಳೋ ಅನ್ನಿಸುವ ಮೊದಲು, ಅವಳಿಗೆ ಇತ್ತೋ ಇಲ್ಲವೋ ಎಂಬ ಅನುಮಾನವೇ ಇವತ್ತಿಗೂ ತಲೆ ಎತ್ತುತ್ತದೆ...

ಅವಳು ನಮ್ಮ ಮನೆಗೆ ಬಂದದ್ದು ಆ ಶನಿವಾರವೇ ಕೊನೆ. ಹೋಗುವ ಮುಂಚೆ ಲೋಟವನ್ನು ತಾನೇ ತೊಳೆದಳು. ಕಿಟಕಿ ಕಟ್ಟೆಗೆ ಒಯ್ಯಲಿಲ್ಲ. ನಮ್ಮೆಲ್ಲರ ಲೋಟಗಳ ನಡುವೆ, ಚುಕ್ಕಿ ಮೇಲೆ ಕಾಣುವಂತೆ ಬೋರಲು ಇಟ್ಟು, "ಬರ್ತೀನಿ ಮಿಸ್" ಎಂದು ಚಪ್ಪಲಿ ಮೆಟ್ಟಿಕೊಂಡಳು.