ಒಂದು ಹುಳವೂ ಉಳಿಯಲಿಲ್ಲ

ನಮ್ಮಣ್ಣನಿಗೆ ಕಾರು ಬರುವ ಮೊದಲೇ ಕಾರಿನ ಹುಚ್ಚು ಬಂದಿತ್ತು. ಹಿಡಿಸಿದ್ದು ಕಾರುಪ್ರಿಯರಿಗೆಂದೇ ಹೊರಡುವ ಒಂದು ಮಾಸಪತ್ರಿಕೆ. ಅದು ಬರುವ ದಿನ ಅವನು ಮೇಲೂರಿನಿಂದ ಶಿಡ್ಲಘಟ್ಟದ ಬಸ್ ನಿಲ್ದಾಣಕ್ಕೆ ಹೋಗಿ ಅಂಗಡಿಯವನ ತಲೆ ತಿನ್ನುತ್ತಿದ್ದ.

ಮೊದಮೊದಲು ಅದು ಮರ್ಯಾದಸ್ಥ ಪತ್ರಿಕೆಯಾಗಿತ್ತು. ಒರಟು ಕಾಗದ, ಕಾರ್ಬುರೇಟರ್ ಬಿಚ್ಚಿ ತೊಳೆಯುವ ಕ್ರಮ, ಹಳೆ ಕಾರು ಕೊಳ್ಳುವಾಗ ಎಲ್ಲೆಲ್ಲಿ ಬಗ್ಗಿ ನೋಡಬೇಕೆಂಬ ಬುದ್ಧಿಮಾತು. ಆಮೇಲೆ ಕಾಗದ ನುಣುಪಾಯಿತು, ಮಾತೂ ನುಣುಪಾಯಿತು. ಯಾವ ಕಾರು ಓಡಿಸಿದರೂ ಸಂಪಾದಕರಿಗೆ ಮೈ ಜುಮ್ಮೆನ್ನತೊಡಗಿತು. ಬ್ರೇಕ್ ಸರಿಯಿಲ್ಲದಿದ್ದರೆ 'ಚಾಲಕನಿಗೆ ಸವಾಲೊಡ್ಡುವ ಕಾರು' ಎಂದು ಬರೆಯುತ್ತಿದ್ದರು. ಪಕ್ಕದ ಪುಟದಲ್ಲೇ ಆ ಕಾರಿನ ಜಾಹೀರಾತು. ಪರೀಕ್ಷೆಯೆಲ್ಲ ಸಮುದ್ರದ ಪಕ್ಕದ ರಸ್ತೆಯಲ್ಲೇ. ಒಮ್ಮೆ ಗೌರಿಬಿದನೂರಿನ ಕಡೆಯ ಗುಂಡಿ ರಸ್ತೆಗೆ ಬಂದಿದ್ದರೆ ಕಾರಿನ ಯೋಗ್ಯತೆಯೂ ಗೊತ್ತಾಗುತ್ತಿತ್ತು, ಬರೆದವರ ಸೊಂಟದ್ದೂ. ಡಿಕ್ಕಿಯ ಅಳತೆಯನ್ನು ಲೀಟರಿನಲ್ಲಿ ಕೊಡುತ್ತಿದ್ದರು. "ಅದ್ರಲ್ಲಿ ಹಾಲು ತುಂಬಿಸ್ತಾರೇನ್ರೀ?" ಎಂದು ಅತ್ತಿಗೆ ಕೇಳಿದರೆ ಅಣ್ಣನಿಗೆ ಮೂಗಿನ ತುದಿಯಲ್ಲಿ ಸಿಟ್ಟು.

ಅವನಿಗಿದ್ದದ್ದು ಒಂದೇ ಆಸೆ, ಓದುಗರ ಪುಟದಲ್ಲಿ ತನ್ನ ಪತ್ರ ಅಚ್ಚಾಗಬೇಕು. ಹೊಗಳಿ ಹೊಗಳಿ ಎಷ್ಟೋ ಬರೆದ. ಒಂದೂ ಬರಲಿಲ್ಲ.

ಕೊನೆಗೆ ಮನೆಗೊಂದು ಸೆಕೆಂಡ್‌ಹ್ಯಾಂಡ್ ಕಾರು ಬಂತು. ಅದರ ಹಿಂದೆಯೇ ಪತ್ರಿಕೆ ಶಿಫಾರಸು ಮಾಡಿದ ಸುಗಂಧದ ಡಬ್ಬಿಯೂ ಬಂತು. ಘಮಕ್ಕೆ ಘಮ, ಸೊಳ್ಳೆಗೂ ಮದ್ದು ಎಂದು ಬರೆದಿದ್ದರಂತೆ. ಅಣ್ಣ ಅದನ್ನು ಎಸಿಯ ಕಿಂಡಿಗೆ ಸಿಕ್ಕಿಸಿದ.

ಅತ್ತಿಗೆ ರೇಷ್ಮೆ ಹುಳ ಸಾಕುವವಳು. ಹುಳದ ಮನೆಯ ಹತ್ತಿರ ಊದುಬತ್ತಿ ಹಚ್ಚಲೂ ಬಿಡುವುದಿಲ್ಲ. ಸೆಂಟು ಹಾಕಿಕೊಂಡು ಹೋದ ನನ್ನನ್ನೇ ಒಂದು ಸಲ ಅಂಗಳದಲ್ಲಿ ನಿಲ್ಲಿಸಿದ್ದಳು. ಆ ಸಲ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಹುಲುಸಾಗಿ ಬಂದಿತ್ತು. ಚಿಂತಾಮಣಿ ಕಡೆಯಿಂದ ಚಾಕಿ, ಅಂದರೆ ಮರಿಹುಳ, ತರಬೇಕಿತ್ತು. ಆಟೋ ಹೇಳುತ್ತೇನೆಂದಳು ಅತ್ತಿಗೆ.

"ಮನೇಲಿ ಕಾರಿಟ್ಕೊಂಡು ಆಟೋ ಯಾಕೆ? ಎಸೀಲಿ ತಣ್ಣಗೆ ತರ್ತೀನಿ ಕಣೇ" ಎಂದು ಅಣ್ಣ ಹೊರಟ. ಮರಿಗಳಿಗೆ ಬಿಸಿಗಾಳಿ ತಾಗದಿರಲೆಂದು ದಾರಿಯುದ್ದಕ್ಕೂ ಗಾಜು ಏರಿಸಿಕೊಂಡೇ ಬಂದ. ಅಷ್ಟು ಕಾಳಜಿ ಅವನಿಗೆ.

ತಟ್ಟೆಗೆ ಬಿಟ್ಟ ಹುಳ ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತಿತ್ತ ಆಡಿಸಿ ಕಕ್ಕಿಕೊಂಡವು. ಸಂಜೆಯ ಹೊತ್ತಿಗೆ ಎಲ್ಲ ಸತ್ತಿದ್ದವು. ಅತ್ತಿಗೆ ಕಾರಿನ ಬಾಗಿಲು ತೆಗೆದು ಒಮ್ಮೆ ಮೂಸಿ ನೋಡಿ, ಮುಚ್ಚಿದಳು. ಮಾರನೆಯ ದಿನದಿಂದ ಬಂಗಾರದಂಥ ಸೊಪ್ಪನ್ನು ಪಕ್ಕದ ಮನೆಯವರ ಹುಳಕ್ಕೆ ಕೊಯ್ದು ಕೊಟ್ಟಳು.

ಅಣ್ಣನೂ ಕುದ್ದುಹೋಗಿದ್ದ. ಜೀವನದಲ್ಲಿ ಮೊದಲ ಸಲ ಆ ಪತ್ರಿಕೆಗೆ ಖಾರವಾಗಿ ಬರೆದ. ನೀವು ಹೊಗಳಿದ ಡಬ್ಬಿಯಿಂದ ನಮ್ಮ ಬೆಳೆ ಹೋಯಿತು, ಹುಳ ಸಾಕುವವರಿಗೆ ಒಂದು ಎಚ್ಚರಿಕೆಯಾದರೂ ಹಾಕಬಾರದಿತ್ತೇ ಎಂದು ಪುಟಗಟ್ಟಲೆ ಬರೆದ.

ಪತ್ರ ಅಚ್ಚಾಯಿತು. ಅಷ್ಟು ಪುಟಗಳಲ್ಲಿ ಅವರು ಉಳಿಸಿಕೊಂಡಿದ್ದು ಒಂದೇ ಸಾಲು, ಅದೂ ಸುಗಂಧದ ಜಾಹೀರಾತಿನ ಕೆಳಗೆ: 'ಈ ಡಬ್ಬಿ ಇಟ್ಟ ಮೇಲೆ ನನ್ನ ಕಾರಿನಲ್ಲಿ ಒಂದು ಹುಳವೂ ಉಳಿಯಲಿಲ್ಲ! — ಮೇಲೂರಿನ ಓದುಗರು.'

ನನಗೆ ಮೈಯೆಲ್ಲ ಉರಿದುಹೋಯಿತು. "ಇವರನ್ನ ಸುಮ್ನೆ ಬಿಡ್ಬೇಡ ಅಣ್ಣ" ಎಂದೆ.

ಅವನು ಪುಟದಿಂದ ಕಣ್ಣು ಕೀಳಲಿಲ್ಲ. "ತಪ್ಪು ಅವರದ್ದೇ, ಇಲ್ಲ ಅನ್ನಲ್ಲ. ಆದ್ರೂ ಮೇಲೂರು ಅಂತ ಎಷ್ಟು ದಪ್ಪಕ್ಷರದಲ್ಲಿ ಹಾಕಿದಾರೆ ನೋಡಮ್ಮ."

ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಏನ್ ಬರ್ದಿದಾರೆ ಓದ್ರಿ" ಎಂದಳು. ಅಣ್ಣ ಓದಿದ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

"ನಿಜಾನೇ ಹಾಕಿದಾರಲ್ರೀ" ಎಂದಳು ಅತ್ತಿಗೆ. "ಒಂದೂ ಉಳೀಲಿಲ್ಲ."